ಡಿಸ್ಕಿಗೊಂದು ಚೊಕ್ಕಾ

ದುಂಡಗಿನ ವಸ್ತುವೊಂದಕ್ಕೆ ಕಾಗದದಲ್ಲಿ ಚೌಕಾಕಾರದ ಹೊದಿಕೆ ಮಾಡುವುದು ಎಂಥ ಫಜೀತಿಯ ಕೆಲಸವೆಂಬುದು ಅದಕ್ಕೆ ಕೈ ಹಾಕಿದವರಿಗಷ್ಟೇ ಗೊತ್ತು. ನಾನು ಹೇಳುತ್ತಿರುವುದು, ಒಂದು ಕಾಲಕ್ಕೆ ನಾವೆಲ್ಲ ಬೆರಳ ತುದಿಯಲ್ಲಿ ಭಯಭಕ್ತಿಯಿಂದ ಹಿಡಿಯುತ್ತಿದ್ದ, ಈಗ ನಮ್ಮ ಚಿಕ್ಕಬಳ್ಳಾಪುರದ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಹಕ್ಕಿ ಬೆದರಿಸುವುದಕ್ಕೆ ದಾರ ಕಟ್ಟಿ ತೂಗುಬಿಡುವ ಸೀಡಿ ಡಿಸ್ಕಿನ ವಿಷಯ. ನಾನೋ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಎಂಥ ಷಟ್ಪದಿಯನ್ನು ಕೊಟ್ಟರೂ ನಿದ್ದೆಗಣ್ಣಿನಲ್ಲೇ ಪ್ರಸ್ತಾರ ಹಾಕಿ ಗಣವಿಭಾಗ ಮಾಡಬಲ್ಲವನು. ಆದರೆ ಕಳೆದ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ಹರಿದು, ಮಡಿಸಿ, ಅನ್ನದ ಅಗುಳು ಸವರಿ ಅಂಟಿಸಿದ ನನ್ನ ಮೊದಲನೆಯ ಹೊದಿಕೆ ಎಷ್ಟು ಬಿಗಿಯಾಯಿತೆಂದರೆ ಡಿಸ್ಕು ಅರ್ಧಕ್ಕೇ ನಿಂತು, ಮುಂದೂ ಹೋಗದೆ ಹಿಂದೂ ಬಾರದೆ ಹಟ ಹಿಡಿಯಿತು. ಎರಡನೆಯದು ದೊಗಳೆಯಾಗಿ, ಕೈಗೆತ್ತಿಕೊಂಡ ಕೂಡಲೇ ಡಿಸ್ಕು ಸುಯ್ಯನೆ ಜಾರಿ ಮಂಚದ ಕೆಳಗೆ ಉರುಳಿಹೋಯಿತು. ನೆಲದ ಮೇಲೆ ಬೋರಲು ಮಲಗಿ, ಪೊರಕೆಯ ಹಿಡಿಯಿಂದ ಅದನ್ನು ಎಳೆದುಕೊಳ್ಳುವಾಗ, ಈ ವಯಸ್ಸಿನಲ್ಲಿ ಇದೆಲ್ಲ ನನಗೆ ಬೇಕಿತ್ತೇ ಎಂದು ಗೊಣಗಿಕೊಂಡೆ. ಬೇಕಿತ್ತು. ಯಾಕೆ ಬೇಕಿತ್ತೆಂಬುದನ್ನೇ ಈಗ ಹೇಳಹೊರಟಿದ್ದೇನೆ; ಸ್ವಲ್ಪ ಸುತ್ತುಬಳಸಿ ಹೋದರೆ ಬೇಸರಪಡಬೇಡಿ.

ಆ ಡಿಸ್ಕಿನೊಳಗಿದ್ದದ್ದು ನನ್ನ ಭಾವನ ದನಿ. ಭಾವ ಅಂದರೆ ನನ್ನ ಅಕ್ಕ ಸುಶೀಲಳ ಗಂಡ, ಚಿಂತಾಮಣಿಯ ನಾರಾಯಣಪ್ಪನವರು. ಬರೀ ನಾರಾಯಣಪ್ಪ ಅಂದರೆ ಆ ಊರಿನಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ, ಮೈಕ್ ನಾರಾಯಣಪ್ಪ ಅನ್ನಬೇಕು. ಆಟೋದ ನೆತ್ತಿಗೆ ಎರಡು ಮೈಕು ಕಟ್ಟಿಕೊಂಡು ಊರೆಲ್ಲ ಸುತ್ತಿ ಸಾರುವುದು ಅವರ ವೃತ್ತಿ. ಬಟ್ಟೆ ಅಂಗಡಿಯ ಆಷಾಢದ ರಿಯಾಯಿತಿ, ಕಣ್ಣಿನ ತಪಾಸಣೆಯ ಶಿಬಿರ, ಕಳೆದುಹೋದ ಎಮ್ಮೆ, ಏನೇ ಇರಲಿ, ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ, ಎರಡರಲ್ಲೂ ಒಂದೇ ಗತ್ತು. ಎಮ್ಮೆಯ ಕೊಂಬು, ಕಿವಿ, ಬಾಲಗಳನ್ನು ಅವರು ಒಂದೊಂದಾಗಿ ವರ್ಣಿಸುತ್ತಿದ್ದ ರೀತಿಗೆ ನಾನು ಪಾಠ ಹೇಳುತ್ತಿದ್ದ ಕಾವ್ಯಗಳ ನಾಯಕಿಯರು ಕರುಬಬೇಕಿತ್ತು. ಅವರು ‘ಮಹಾಜನಗಳೇ’ ಎಂದು ಶುರುಮಾಡುತ್ತಿದ್ದದ್ದು ಮಾತ್ರ ನನ್ನ ವ್ಯಾಕರಣದ ಕಿವಿಗೆ ಚುಚ್ಚುತ್ತಿತ್ತು. ‘ಮಹಾಜನರೇ’ ಅನ್ನಬೇಕು ಭಾವ ಎಂದು ಒಮ್ಮೆ ತಿದ್ದಲು ಹೋದೆ. “ನೀನು ಕ್ಲಾಸಲ್ಲಿ ಹಂಗೇ ಅನ್ನಪ್ಪ, ರೋಡಲ್ಲಿ ಗಳು ಸೇರಿಸ್ದೆ ಇದ್ರೆ ಒಬ್ರೂ ತಿರುಗಿ ನೋಡಲ್ಲ” ಎಂದು ನನ್ನ ಬಾಯಿ ಮುಚ್ಚಿಸಿದರು. ನನ್ನ ಕ್ಲಾಸಿನಲ್ಲಿ ಎಷ್ಟು ಜನ ತಿರುಗಿ ನೋಡುತ್ತಿದ್ದರೆಂಬುದನ್ನು ನೆನೆದು ನಾನೂ ಸುಮ್ಮನಾದೆ.

ಅವರ ಮನೆಮಾತು ತೆಲುಗು, ನಮ್ಮ ಮನೆಯದು ಕನ್ನಡ. ಚಿಕ್ಕಬಳ್ಳಾಪುರದಲ್ಲಿದ್ದೂ ತೆಲುಗು ಕಿವಿಗೆ ಬೀಳದಂತೆ ಬೆಳೆದ ಪುಣ್ಯಾತ್ಮರು ನಾವು. ಅಪ್ಪನ ಶಿಸ್ತು ಅಷ್ಟು ಗಟ್ಟಿಯಾಗಿತ್ತು. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಭಾವ ಸ್ನಾನ ಮುಗಿಸಿ, ಬನಿಯನ್ನಿನಲ್ಲಿ ನಡುಮನೆಗೆ ಬಂದು, “ಸುಶೀಲಾ, ನಾ ಚೊಕ್ಕಾ?” ಎಂದು ಕೇಳಿದರಂತೆ. ತೆಲುಗಿನಲ್ಲಿ ಚೊಕ್ಕಾ ಅಂದರೆ ಅಂಗಿ; ನನ್ನ ಅಂಗಿ ಎಲ್ಲಿ ಎಂದು ಕೇಳಿದ್ದು ಅವರು. ನಮ್ಮಕ್ಕನಿಗೆ ತಿಳಿದದ್ದು ಕನ್ನಡದ ಚೊಕ್ಕ. ಹೊಸ ಗಂಡ ಬೆಳಗೆದ್ದು ನಾನು ಚೊಕ್ಕಟವಾಗಿದ್ದೇನೆಯೇ ಎಂದು ಕೇಳುತ್ತಿದ್ದಾನೆ, ಪಾಪ! ಅವಳು ತಲೆಯಿಂದ ಕಾಲಿನವರೆಗೂ ಒಮ್ಮೆ ನೋಡಿ, ನಾಚಿಕೊಂಡು, “ಹ್ಞೂಂ, ಚೊಕ್ಕವಾಗೇ ಇದೀರ” ಅಂದಳಂತೆ. ಭಾವ ಅಲ್ಲೇ ಕುಸಿದು ಕೂತು ನಕ್ಕರಂತೆ. ಅಂದಿನಿಂದ ಅದು ಆ ಮನೆಯ ನಿತ್ಯದ ಮಂಗಳಾರತಿಯಾಗಿಬಿಟ್ಟಿತು. ಅಂಗಿ ಕಣ್ಣೆದುರಿಗೇ ನೇತಾಡುತ್ತಿದ್ದರೂ ಭಾವ ಬೆಳಿಗ್ಗೆ “ನಾ ಚೊಕ್ಕಾ?” ಎಂದು ರಾಗ ಎಳೆಯುವುದು, ಅಕ್ಕ ಒಲೆಯ ಮುಂದಿನಿಂದಲೇ “ಚೊಕ್ಕವಾಗೇ ಇದೀರ” ಅನ್ನುವುದು. ಬರಬರುತ್ತಾ ಹೊದಿಸುವುದೆಲ್ಲವೂ ಅಕ್ಕನ ಬಾಯಲ್ಲಿ ಚೊಕ್ಕಾ ಆಯಿತು. ದಿಂಬಿಗೆ ಚೊಕ್ಕಾ, ಮಿಕ್ಸಿಗೆ ಚೊಕ್ಕಾ. ಭಾವ ಸಾರಿದ್ದನ್ನೇ ಸಾರಿ ಗಂಟಲು ನೋಯಿಸಿಕೊಳ್ಳುವುದೇಕೆಂದು ಡಿಸ್ಕಿನಲ್ಲಿ ದನಿ ತುಂಬಿಸಿ ಆಟೋದಲ್ಲಿ ಹಾಕಲು ಶುರುಮಾಡಿದ ಮೇಲೆ, ಆ ಡಿಸ್ಕುಗಳಿಗೂ ಅವಳೇ ಕ್ಯಾಲೆಂಡರ್ ಹಾಳೆ ಮಡಿಸಿ ಚೊಕ್ಕಾ ತೊಡಿಸುತ್ತಿದ್ದಳು.

ಆ ಗಂಟಲಿಗೇ ರೋಗ ಬಂತು. ಮೂರು ವರ್ಷದ ಕೆಳಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ದನಿಯ ಪೆಟ್ಟಿಗೆಯನ್ನೇ ತೆಗೆದುಹಾಕಿದರು. ಪ್ರಾಣ ಉಳಿಯಿತು. ಕತ್ತಿನ ಬುಡದಲ್ಲಿ ಉಸಿರಾಡುವುದಕ್ಕೊಂದು ರಂಧ್ರ ಉಳಿಯಿತು, ಅದಕ್ಕೆ ಧೂಳು ಹೋಗದಂತೆ ಅಕ್ಕ ತೆಳುವಾದ ಹತ್ತಿಬಟ್ಟೆಯ ತುಂಡುಗಳನ್ನು ಹೊಲಿದು ಕಟ್ಟುತ್ತಾಳೆ. ಭಾವ ಈಗ ಆರೋಗ್ಯವಾಗಿದ್ದಾರೆ. ಮೆತ್ತಗೆ ಮಾಡಿಕೊಟ್ಟರೆ ಮುದ್ದೆ ಉಣ್ಣುತ್ತಾರೆ, ಸಂಜೆ ಒಂದು ಸುತ್ತು ನಡೆದು ಬರುತ್ತಾರೆ, ನಾನು ಹೋದರೆ ಕೈ ಹಿಡಿದು ಕೂರಿಸಿಕೊಳ್ಳುತ್ತಾರೆ. ಮಾತು ಮಾತ್ರ ಇಲ್ಲ. ಅಕ್ಕನನ್ನು ಕರೆಯಬೇಕಾದರೆ ಸ್ಟೀಲ್ ಲೋಟವನ್ನು ಬೆರಳಿನ ಉಂಗುರದಿಂದ ತಟ್ಟುತ್ತಾರೆ. ಕುತ್ತಿಗೆಗೆ ಒತ್ತಿಕೊಂಡು ಮಾತಾಡುವ ಯಂತ್ರವೊಂದನ್ನು ತಂದುಕೊಟ್ಟಿದ್ದೆವು. ಒಮ್ಮೆ ಪ್ರಯತ್ನಿಸಿದರು, ಹೊರಟ ಗೊರಗೊರ ಸದ್ದನ್ನು ತಾವೇ ಕೇಳಿಸಿಕೊಂಡರು, ಬೀರುವಿನ ಮೇಲಕ್ಕೆ ಎಸೆದರು. ಬೀದಿಯಲ್ಲಿ ಯಾವುದಾದರೂ ಪ್ರಚಾರದ ಆಟೋ ಬಂದರೆ ಎದ್ದುಹೋಗಿ ಕಿಟಕಿ ಹಾಕಿಬಿಡುತ್ತಾರೆ.

ಈಚೆಗೊಂದು ಮಧ್ಯಾಹ್ನ ಚಿಂತಾಮಣಿಗೆ ಹೋಗಿದ್ದಾಗ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಒಗೆಯುವ ಕಲ್ಲಿನ ಮೇಲೆ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಹೇಳಿದಳು. “ಮನುಷ್ಯ ಎದುರಿಗೇ ಇದಾರೆ ಕಣೋ. ದನಿ ಮರ್ತುಹೋಗ್ತಾ ಇದೆ ನಂಗೆ. ನಾ ಚೊಕ್ಕಾ ಅಂತ ಕೇಳ್ತಿದ್ರಲ್ಲ, ಆ ರಾಗ ಹೆಂಗಿತ್ತು ಅಂತ ಬೆಳಿಗ್ಗೆಯಿಂದ ನೆನೆಸ್ಕೊತಾ ಇದೀನಿ, ಬರ್ತಾನೇ ಇಲ್ಲ. ಸತ್ತೋರ ದನಿ ಮರ್ತುಹೋಗತ್ತೆ ಅಂತಾರೆ. ಬದುಕಿರೋರ ದನಿ ಮರೆಯೋದಾ?”

ದನಿಗೆ ಬರವೇ ಇಲ್ಲದಿದ್ದ ಮನೆಯಲ್ಲಿ ದನಿಯನ್ನು ಕೂಡಿಡಬೇಕೆಂಬ ಬುದ್ಧಿ ಯಾರಿಗೂ ಹೊಳೆದಿರಲಿಲ್ಲ. ಭಾವನ ಹಳೆಯ ಗುಂಡಿಯ ಫೋನಿನಲ್ಲಿ ಏನೂ ಉಳಿದಿರಲಿಲ್ಲ, ಮದುವೆಯ ವಿಡಿಯೋಗಳಲ್ಲಿ ಮಾತಿನ ಮೇಲೆಲ್ಲ ಓಲಗ ಸುರಿದಿತ್ತು, ಡಿಸ್ಕುಗಳನ್ನು ಆಟೋ ಮಾರುವಾಗ ಅದರ ಜೊತೆಗೇ ಕೊಟ್ಟುಬಿಟ್ಟಿದ್ದರು. ಅಟ್ಟ ಗುಡಿಸುವಾಗ ಅಕ್ಕನಿಗೆ ಒಂದೇ ಒಂದು ಡಿಸ್ಕು ಸಿಕ್ಕಿತ್ತು. ಅದರ ಕಾಗದದ ಹೊದಿಕೆ ಹುಳ ತಿಂದು ಪುಡಿಯಾಗಿತ್ತು. ಅದನ್ನೊಂದು ರವಿಕೆ ಕಣದಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿ, ಹೇಗಾದರೂ ಮಾಡಿ ಮೊಬೈಲಿಗೆ ಹಾಕಿಸಿಕೊಡು, ಅವರಿಗೆ ಮಾತ್ರ ಹೇಳಬೇಡ ಅಂದಳು.

ಮನೆಗೆ ಬಂದು, ಎತ್ತಿಡು ಎಂದಷ್ಟೇ ಹೇಳಿ, ಡಿಸ್ಕನ್ನು ನನ್ನ ಹೆಂಡತಿ ಶಾರದೆಯ ಕೈಗೆ ಕೊಟ್ಟೆ. ಅವಳು ಮೈಸೂರಿನವಳು. ಅವಳ ಕನ್ನಡದಲ್ಲಿ ತೆಲುಗಿನ ಒಂದು ಒಗ್ಗರಣೆಯ ಕಾಳೂ ಸಿಕ್ಕುವುದಿಲ್ಲ. ಮಾರನೆಯ ದಿನ ನಾನು ಸಂತೆಗೆ ಹೋಗಿದ್ದಾಗ ಅಕ್ಕ ಅವಳಿಗೆ ಫೋನು ಮಾಡಿ, “ಡಿಸ್ಕು ಬರೀ ಮೈಲಿದೆ, ಚೊಕ್ಕಾ ಮಾಡಿಡಮ್ಮ” ಅಂದಳು.

ಗಮನಿಸಿ, ಕೊನೆಯದು ದೀರ್ಘ. ಸವರ್ಣದೀರ್ಘ ಸಂಧಿಯನ್ನು ಸಾವಿರಾರು ಮಕ್ಕಳಿಗೆ ಉರುಹೊಡೆಸಿದ ಮನೆಯಲ್ಲಿ ಆ ಒಂದು ದೀರ್ಘ ಯಾರ ಕಿವಿಗೂ ಬೀಳಲಿಲ್ಲ. ಅಂದು ಗುರುವಾರ, ಶುಕ್ರವಾರದ ಪೂಜೆಗೆಂದು ಶಾರದೆ ಬೆಳ್ಳಿಯ ದೀಪ, ಪಂಚಪಾತ್ರೆಗಳನ್ನು ವಿಭೂತಿ ಹಚ್ಚಿ ಬೆಳಗಲು ಕೂತಿದ್ದಳು. ಡಿಸ್ಕೂ ಬೆಳ್ಳಿಯ ಹಾಗೇ ಹೊಳೆಯುವ ಸಾಮಾನು. ಅತ್ತಿಗೆ ಅಷ್ಟು ಹೇಳಿದ ಮೇಲೆ ಅದನ್ನೂ ಚೊಕ್ಕ ಮಾಡಿಬಿಡೋಣವೆಂದು, ನಡುವಿನ ತೂತಿಗೆ ಬೆರಳು ತೂರಿಸಿ ಹಿಡಿದು, ಶ್ರದ್ಧೆಯಿಂದ ಸುತ್ತಲೂ ತಿಕ್ಕಿದಳು, ತೊಳೆದಳು, ದೀಪಗಳ ಪಕ್ಕದಲ್ಲಿ ಬಟ್ಟೆಯ ಮೇಲೆ ಒಣಗಲು ಇಟ್ಟಳು. ನಾನು ಬಂದು ನೋಡಿದಾಗ ಅದು ಎಂದೂ ಇಲ್ಲದಷ್ಟು ಥಳಥಳಿಸುತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಮೈತುಂಬ ದುಂಡುದುಂಡಗೆ ಗೀರುಗಳು.

ಕೋಪ ಬರಬೇಕಿತ್ತು, ಬರಲಿಲ್ಲ. ಅದನ್ನು ಹಿಡಿದುಕೊಂಡು ಅಲ್ಲೇ ಕೂತೆ. ವಿಷಯ ತಿಳಿದ ಶಾರದೆ ಅತ್ತಳು. ಫೋನು ನಾನು ಮಾಡುತ್ತೇನೆಂದರೆ ಬಿಡಲಿಲ್ಲ, ತಾನೇ ಮಾಡಿದಳು. “ನೀವು ಚೊಕ್ಕ ಮಾಡಿಡು ಅಂದ್ರಲ್ಲ ಅಕ್ಕಾ, ನಾನು ವಿಭೂತಿ ಹಾಕಿ ತಿಕ್ಕಿಬಿಟ್ಟೆ. ಭಾವನವರ ದನಿ ನನ್ನ ಕೈಯಾರೆ...” ಎಂದವಳು ಫೋನನ್ನು ನನ್ನ ಕಡೆ ಚಾಚಿದಳು.

ನಾನು ಈಸಿಕೊಂಡು ಕಿವಿಗಿಟ್ಟೆ. ಅಕ್ಕ ನಗುತ್ತಿದ್ದಳು! ಉಸಿರು ಕಟ್ಟುವ ಹಾಗೆ ನಗುತ್ತಿದ್ದಳು. “ಅವಳಿಗೆ ಅಳ್ಬೇಡ ಅನ್ನೋ. ನಾನೂ ಹೊಸದ್ರಲ್ಲಿ ಹಂಗೇ ಮಾಡಿದ್ನಲ್ಲೋ. ಮೂವತ್ತೆಂಟು ವರ್ಷ ಆಯ್ತು, ಆ ಹಾಳು ಮಾತಿಗೆ ಇನ್ನೂ ಬುದ್ಧಿ ಬಂದಿಲ್ಲ ನೋಡು” ಅಂದಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ. ಹಿಂದಿನಿಂದ ಲೋಟ ತಟ್ಟುವ ಸದ್ದು ಕೇಳಿಸಿತು. ಭಾವ ಏನಾಯಿತೆಂದು ವಿಚಾರಿಸುತ್ತಿದ್ದರು. ಅಕ್ಕ ಮೂಗು ಒರೆಸಿಕೊಂಡು, “ಏನಿಲ್ಲ, ಶಾರದ ಏನೋ ತಮಾಷೆ ಮಾಡಿದ್ಳು” ಎಂದು ಅವರಿಗೆ ಹೇಳಿದ್ದೂ ಕೇಳಿಸಿತು.

ಇಷ್ಟಾದ ಮೇಲೆ ನಾನು ಹೊದಿಕೆ ಮಾಡಲು ಕೂತದ್ದು. ಗಾಯಗೊಂಡವರಿಗೆ ಒಳ್ಳೆಯ ಬಟ್ಟೆ ಉಡಿಸಿ ಆಸ್ಪತ್ರೆಗೆ ಕರೆದೊಯ್ಯುವ ಬುದ್ಧಿಯೇ ಇರಬೇಕು. ಗೌರಿಬಿದನೂರಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ, ಡಿಸ್ಕು ಓದುವ ಯಂತ್ರ ಅವನಲ್ಲಿ ಇನ್ನೂ ಇದೆಯೆಂದು ತಿಳಿದು, ಅಲ್ಲಿಗೆ ಒಯ್ಯುವ ದಾರಿಯಲ್ಲಿ ಇನ್ನೊಂದು ಗೀರು ಬೀಳದಿರಲೆಂಬ ಆಸೆ. ಎರಡು ಹೊದಿಕೆ ಕೆಡಿಸಿದ ಕಥೆ ಹೇಳಿದೆನಲ್ಲ, ಮೂರನೆಯದಕ್ಕೆ ಅಕ್ಕನನ್ನೇ ಕೇಳಿದೆ. “ಡಿಸ್ಕನ್ನ ಹಾಳೆ ಮಧ್ಯ ಇಡು. ಎರಡು ಪಕ್ಕ ಮಡಿಚು. ಕೆಳಗಿಂದು ಮೇಲಕ್ಕೆ ತಗೊಂಡು, ಮೇಲಿಂದನ್ನ ಒಳಕ್ಕೆ ಸಿಗಿಸು, ಅನ್ನಗಿನ್ನ ಹಚ್ಚಬೇಡ. ಒಂದು ಬೆರಳಷ್ಟು ಸಡಿಲ ಬಿಡಪ್ಪ, ಉಸಿರಾಡಕ್ಕೆ ಜಾಗ ಬೇಕಲ್ಲ” ಅಂದಳು. ಉಸಿರು ಎಂಬ ಮಾತು ಅವಳ ಬಾಯಿಂದ ಬಂದಾಗ ನನಗೆ ಅವಳು ಹೊಲಿಯುವ ಹತ್ತಿಬಟ್ಟೆಯ ತುಂಡುಗಳು ಕಣ್ಣಮುಂದೆ ಬಂದವು. ಅವಳು ಹೇಳಿದ ಹಾಗೇ ಮಡಿಸಿದೆ. ಡಿಸ್ಕು ಮೆತ್ತಗೆ ಒಳಗೆ ಹೋಗಿ ಕೂತಿತು.

ಗೌರಿಬಿದನೂರಿನಲ್ಲಿ ಶಿಷ್ಯ ಡಿಸ್ಕನ್ನು ಹೊರಗೆ ತೆಗೆದು ನೋಡಿ, “ಏನ್ ಸಾರ್ ಇದು, ಯಾರು ಸಾರ್ ಹಿಂಗೆ ಉಜ್ಜಿದ್ದು?” ಅಂದ. ವ್ಯಾಕರಣ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಡಿಸ್ಕಿನಲ್ಲಿ ಏಳು ಪ್ರಕಟಣೆಗಳಿದ್ದವು. ಯಂತ್ರ ಒಂದೊಂದನ್ನೂ ಎತ್ತಿಕೊಳ್ಳಲು ಹೋಗಿ ಗರ್ ಎಂದು ತಿರುಗಿ, ಏದುಸಿರು ಬಿಟ್ಟು, ನಿಂತುಬಿಡುತ್ತಿತ್ತು. ಬಟ್ಟೆ ಅಂಗಡಿಯದು ಹೋಗಿತ್ತು. ಎಮ್ಮೆಯದು ಹೋಗಿತ್ತು. ಶಾರದೆ ಬೆರಳು ತೂರಿಸಿ ಹಿಡಿದಿದ್ದ ನಡುಭಾಗಕ್ಕೆ ವಿಭೂತಿ ತಾಗಿರಲಿಲ್ಲವಾಗಿ ಅಲ್ಲಿಂದಲೇ ಶುರುವಾಗುವ ಮೊದಲನೆಯ ಪ್ರಕಟಣೆಯೊಂದು ಮಾತ್ರ ಉಳಿದಿತ್ತು. ಅದನ್ನು ಅವನು ನನ್ನ ಮೊಬೈಲಿಗೆ ಹಾಕಿಕೊಟ್ಟ. ಅದು ಪೈಪು ದುರಸ್ತಿಗಾಗಿ ನಲ್ಲಿ ನಿಲ್ಲಿಸುವ ಮುನ್ಸೂಚನೆ. ಒಂದು ನಿಮಿಷವೂ ಇರಲಿಲ್ಲ.

ಚಿಂತಾಮಣಿಯ ಬಸ್ಸಿನಲ್ಲಿ ಕೂತು ಶಿಡ್ಲಘಟ್ಟ ದಾಟುವವರೆಗೂ ನನ್ನನ್ನು ಕಾಡಿದ್ದು ಇದೇ ಸಂಕಟ. ಗಂಡನ ದನಿಗಾಗಿ ಹಂಬಲಿಸಿದ ಹೆಂಗಸಿಗೆ ನಾನು ಒಯ್ಯುತ್ತಿರುವುದು ನೀರು ಬರುವುದಿಲ್ಲವೆಂಬ ಸುದ್ದಿ. ಅದರಲ್ಲಿ ಅವಳ ಹೆಸರಿಲ್ಲ, ಅವಳಿಗಾಗಿ ಆಡಿದ ಒಂದು ಅಕ್ಷರವಿಲ್ಲ. ಸಾವಿರ ಜನಕ್ಕೆ ಸಾರಿದ ದನಿಯಲ್ಲಿ ಒಬ್ಬಳ ಪಾಲು ಎಷ್ಟು? ಆಮೇಲೆ ಅನ್ನಿಸಿತು, ದನಿ ಆಡಿದವನದೆಂದು ನಾವು ಸುಮ್ಮನೆ ತಿಳಿದುಕೊಂಡಿದ್ದೇವೆ. ನಮ್ಮ ದನಿ ನಮಗೇ ಎಂದೂ ಸರಿಯಾಗಿ ಕೇಳಿಸಿರುವುದಿಲ್ಲ, ಅದನ್ನು ಒಂದು ಜನ್ಮವಿಡೀ ಕೇಳಿ ಸಾಕಿಕೊಂಡವರು ಬೇರೆಯೇ ಇರುತ್ತಾರೆ. ಹಾಗಾದರೆ ಅಕ್ಕ ಕೇಳುತ್ತಿರುವುದು ಭಾವನ ಸ್ವತ್ತನ್ನಲ್ಲ, ತನ್ನದನ್ನೇ. ಪಕ್ಕದಲ್ಲಿ ಕೂತಿದ್ದ, ರೇಷ್ಮೆಗೂಡು ಮಾರಿ ಊರಿಗೆ ಹೊರಟಿದ್ದ ಹಿರಿಯರೊಬ್ಬರು ನನ್ನ ಕಣ್ಣು ನೋಡಿ ಕಿಟಕಿ ಹಾಕಲೇ, ಧೂಳು ಬರ್ತಾ ಇದೆಯಾ ಎಂದು ಕೇಳಿದರು. ಹ್ಞೂಂ ಅಂದೆ.

ಮನೆಯಲ್ಲಿ ಅಕ್ಕನನ್ನು ಅಡುಗೆಮನೆಗೆ ಕರೆದು ಮೊಬೈಲು ಕೊಟ್ಟು, ಕಿವಿಗಿಟ್ಟುಕೊಂಡು ಕೇಳು ಎಂದು ಪಿಸುಗುಟ್ಟಿದೆ. ಅವಳು ಕಿವಿಯ ತನಕ ಒಯ್ದವಳು ಕೈ ಇಳಿಸಿದಳು. “ಕದ್ದು ಕೇಳಕ್ಕೆ ಅವರೇನು ಪರಗಂಡಸೇನೋ?” ಎಂದವಳೇ ಸರಸರ ನಡುಮನೆಗೆ ನಡೆದು ಭಾವನ ಎದುರಿಗೆ ಕೂತಳು. ನಾನು ಬಾಗಿಲಿಗೆ ಬಂದು ನಿಂತೆ.

“ನಿಮ್ಮ ಒಂದು ಡಿಸ್ಕು ಸಿಕ್ಕಿತ್ತು. ನಿಮಗೆ ಹೇಳ್ದೆ ಕಳಿಸಿದ್ದೆ. ಈಗ ಇದ್ರಲ್ಲಿದೆ.”

ಭಾವ ಮೊಬೈಲನ್ನೂ ಅವಳನ್ನೂ ನೋಡಿದರು. ಮುಖ ಕಪ್ಪಿಟ್ಟಿತು. ಬೇಡ, ಬೇಡ ಎಂದು ಕೈಯಾಡಿಸಿದರು. ಏಳಲು ಹೋದರು.

“ನಿಮಗೆ ಬೇಡ ಅಂದ್ರೆ ಆಚೆ ಹೋಗಿ. ನಂಗೆ ಬೇಕು. ಮೂರು ವರ್ಷದಿಂದ ಲೋಟದ ಸದ್ದು ಕೇಳ್ಕೊಂಡು ಇದೀನಿ, ಒಂದು ದಿನ ಏನಾದ್ರೂ ಅಂದಿದೀನಾ? ನಿಮ್ಮ ದನಿ ಮರ್ತುಹೋಗ್ತಾ ಇದೆ ರೀ ನಂಗೆ.”

ಭಾವ ನಿಂತರು. ಹೋಗಲಿಲ್ಲ, ಕೂರಲೂ ಇಲ್ಲ. ಕಿಟಕಿಯ ಸರಳು ಹಿಡಿದು, ನಮ್ಮ ಕಡೆ ಬೆನ್ನು ಮಾಡಿಕೊಂಡರು. ಅಕ್ಕ ಗುಂಡಿ ಒತ್ತಿದಳು. ಒಂದಿಷ್ಟು ಗರಗರ ಕೇಳಿತು. ಆಮೇಲೆ, ಆ ಪುಟ್ಟ ನಡುಮನೆಯ ಗೋಡೆಗಳು ಸಾಲದೆಂಬಂತೆ, ತುಂಬುಗಂಟಲಿನ ಆ ದನಿ ಎದ್ದು ನಿಂತಿತು.

“ಚಿಂತಾಮಣಿ ನಗರದ ಮಹಾಜನಗಳೇ! ನಾಳೆ ದಿವಸ ನಲ್ಲಿಯಲ್ಲಿ ನೀರು ಬರೋದಿಲ್ಲ, ಮಹಾಜನಗಳೇ! ಅಮ್ಮಂದಿರೇ, ಅಕ್ಕಂದಿರೇ, ಬಿಂದಿಗೆನೋ ಕೊಳಗಾನೋ, ಮನೇಲಿ ಏನಿದ್ರೆ ಅದ್ರಲ್ಲಿ ಇವತ್ತೇ ನೀರು ತುಂಬಿಸಿ ಇಟ್ಕೊಳ್ಳಿ! ಆಮೇಲೆ ನಾರಾಯಣಪ್ಪ ಹೇಳ್ಲಿಲ್ಲ ಅನ್ಬೇಡಿ!” ಹಿಂದೆಯೇ ಅದೇ ಗತ್ತಿನಲ್ಲಿ ತೆಲುಗು ಬಂತು. ಭಾವ ತಿರುಗಲಿಲ್ಲ. ಆದರೆ ಅವರ ಬೆನ್ನು ಅಲುಗುತ್ತಿತ್ತು. ಸರಳಿನ ಮೇಲಿದ್ದ ಕೈ ಎತ್ತಿ ಎತ್ತಿ ಬೀಳುತ್ತಿತ್ತು, ಮಾತಿನ ತೂಕಕ್ಕೆ ಸರಿಯಾಗಿ. ದನಿ ನಿಂತಿತು.

ಅಕ್ಕ ಅಳಲಿಲ್ಲ. ಮೊಬೈಲನ್ನು ನನ್ನ ಕೈಗಿಟ್ಟು, ಎದ್ದು, ಸೀದಾ ಬಚ್ಚಲಿಗೆ ಹೋದಳು. ಬಿಂದಿಗೆ ಎಳೆದ ಸದ್ದು, ನಲ್ಲಿ ತಿರುಗಿಸಿದ ಸದ್ದು, ಖಾಲಿ ತಳಕ್ಕೆ ನೀರು ಬಿದ್ದ ಸದ್ದು ಕೇಳಿಸಿತು. ಗಾಬರಿಯಿಂದ ಹಿಂದೆಯೇ ಹೋದೆ.

“ಅಕ್ಕಾ, ಅದು ಹಳೇದು ಕಣೇ. ನಾಳೆ ನೀರು ಬರತ್ತೆ.”

“ಗೊತ್ತು ಕಣೋ” ಅಂದಳು, ಬಿಂದಿಗೆಯಿಂದ ಕಣ್ಣೆತ್ತದೆ. “ಅವರು ಅಷ್ಟು ಹೇಳ್ತಿರೋವಾಗ ಹಿಡೀದೆ ಇರಕ್ಕಾಗತ್ತಾ?”

ಬಿಂದಿಗೆ ತುಂಬಿತು. ಅವಳು ಅದನ್ನು ಸರಿಸುವಷ್ಟರಲ್ಲಿ ನನ್ನ ಪಕ್ಕದಿಂದ ಒಂದು ಕೈ ಮುಂದೆ ಬಂತು. ಭಾವ ಅಡುಗೆಮನೆಯಿಂದ ಕೊಳಗ ಹೊತ್ತು ತಂದಿದ್ದರು. ಅದನ್ನು ನಲ್ಲಿಯ ಕೆಳಗಿಟ್ಟು, ತುಂಬುವವರೆಗೂ ಅವಳ ಪಕ್ಕದಲ್ಲೇ ಕೂತರು.